ಸೊಸೆಯ ಸಹಿ ಇರುವ 50 ಸೂ ನೋಟು: ಒಂದು ರಿಪೇರಿ ದಿನಚರಿ

ಮೇಜಿನ ಮೇಲೆ ಅಂಗೈ ಅಗಲದ ಒಂದು ಕಾಗದ ಇದೆ. ಬಣ್ಣ ಹಳೇ ಪಂಚೆಯದ್ದು. ಬಲಗಡೆ ಅಂಚಿನಿಂದ ಒಳಕ್ಕೆ ಎರಡು ಬೆರಳಿನಷ್ಟು ಹರಿದಿದೆ. ಹಿಂದೆ ಯಾರೋ ಪುಣ್ಯಾತ್ಮರು ಹರಿದ ಜಾಗಕ್ಕೆ ಸೆಲ್ಲೋಟೇಪ್ ಅಂಟಿಸಿದ್ದಾರೆ. ಟೇಪು ಈಗ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದೆ. ಅದರ ಅಂಟು ಕಾಗದದ ಈ ಕಡೆಗೂ ಇಳಿದು ಒಂದು ಉದ್ದ ಕಂದು ಪಟ್ಟೆಯಾಗಿದೆ.

ಇದು ಅಸಿನ್ಯಾ. ಫ್ರೆಂಚ್ ಕ್ರಾಂತಿಯ ಕಾಲದ ಸರ್ಕಾರಿ ಕಾಗದದ ಹಣ. 50 ಸೂ ಬೆಲೆಯದು. ಆಗಿನ ಲೆಕ್ಕದಲ್ಲಿ 20 ಸೂ ಸೇರಿದರೆ ಒಂದು ಲಿವ್ರ್, ಅಂದರೆ ಇದು ಎರಡೂವರೆ ಲಿವ್ರ್. ನೋಟಿನಲ್ಲಿ ಅಚ್ಚಾಗಿರುವ ಸಹಿಯನ್ನು ಫ್ರೆಂಚಿನಲ್ಲಿ ಏಳು ಅಕ್ಷರ ಬಳಸಿ ಬರೆಯುತ್ತಾರೆ. ಬಾಯಲ್ಲಿ ಹೇಳಿದರೆ ಮಾತ್ರ ಅಚ್ಚ ಕನ್ನಡ: ಸೊಸೆ. 50 ಸೂ ನೋಟುಗಳಲ್ಲೆಲ್ಲ ಇದೇ ಸಹಿ. 10 ಸೂ ನೋಟಿಗೆ ಗುಯೋಂ, 25ಕ್ಕೆ ಎರ್ವೆ. ನಮಗೆ ಸಿಕ್ಕಿದ್ದು ಸೊಸೆ. ಮನೆಯಲ್ಲಿ ನೋಟಿಗೆ ಅದೇ ಹೆಸರು ಬಿತ್ತು.

ಕೊಂಡದ್ದು ಪ್ಯಾರಿಸ್ಸಿನ ಕಾರೆ ಮಾರಿನ್ಯಿಯಲ್ಲಿ. ಶಾಂಜೆಲಿಜೆ ಪಕ್ಕದ ಮರಗಳ ಕೆಳಗೆ ಅಂಚೆಚೀಟಿ ಮಾರುವವರು ಸೇರುವ ಜಾಗ ಅದು. ಗುರುವಾರ, ಶನಿವಾರ, ಭಾನುವಾರ ಅಂಗಡಿ ಹಾಕುತ್ತಾರೆ. ಕೆಲಸದ ಮೇಲೆ ಈ ಊರಿಗೆ ಬಂದಾಗಿನಿಂದ ನನ್ನ ಶನಿವಾರಗಳು ಅಲ್ಲೇ ಕಳೆಯುತ್ತಿವೆ. ಒಂದು ಶೂ ಡಬ್ಬಿಯಲ್ಲಿ ಹರುಕು ಅಸಿನ್ಯಾಗಳು ಬಿದ್ದಿದ್ದವು. ಸೊಸೆಗೆ 4 ಯೂರೋ ಕೊಟ್ಟೆ. ಜೊತೆಗೆ ಅರ್ಧ ಮೂಲೆಯೇ ಇಲ್ಲದ ಒಂದು 10 ಸೂ ನೋಟನ್ನು ಮಾರುವಾತ ಸುಮ್ನೆ ಕೈಗಿಟ್ಟ. ಆ ಬಡಪಾಯಿ ನೋಟೇ ಮುಂದೆ ನನ್ನನ್ನು ಉಳಿಸಿತು, ಅದನ್ನು ಆಮೇಲೆ ಹೇಳುತ್ತೇನೆ.

ಇನ್ನೂರ ಮೂವತ್ತು ವರ್ಷದ ಸರ್ಕಾರಿ ಕಾಗದ ಒಂದು ಕಾಫಿಯ ಬೆಲೆಗೆ ಹೇಗೆ ಸಿಗುತ್ತದೆ ಅಂತ ಊರಿನ ಗೆಳೆಯರು ಕೇಳುತ್ತಾರೆ. ಅಷ್ಟೊಂದು ಅಚ್ಚು ಹಾಕಿದ್ದರು, ಅದಕ್ಕೆ. 1789ರ ನವೆಂಬರ್ 2ರಂದು ಚರ್ಚಿನ ಆಸ್ತಿಯನ್ನೆಲ್ಲ ರಾಷ್ಟ್ರದ ಕೈಗೆ ತಗೊಂಡರು. ಆ ಜಮೀನು ಮಾರಿ ಸಾಲ ತೀರಿಸುವ ಲೆಕ್ಕ. ಮಾರಾಟ ಆಗುವ ತನಕ ಕಾಯಲು ಪುರುಸೊತ್ತಿಲ್ಲ, ಹಾಗಾಗಿ ಡಿಸೆಂಬರಿನಲ್ಲಿ ಜಮೀನನ್ನೇ ಆಧಾರ ಮಾಡಿಕೊಂಡು 40 ಕೋಟಿ ಲಿವ್ರ್‌ನ ಪತ್ರ ಹೊರಡಿಸಿದರು. ಮೊದಲು ಅದು ಬಡ್ಡಿ ಬರುವ ಬಾಂಡು: ಒಂದೊಂದೂ 1000 ಲಿವ್ರ್‌ನದು, ನೂರಕ್ಕೆ 5 ಬಡ್ಡಿ. 1790ರ ಏಪ್ರಿಲ್‌ನಲ್ಲಿ ಬಡ್ಡಿ 3ಕ್ಕೆ ಇಳಿಯಿತು, ಪತ್ರ ಚಲಾವಣೆಯ ಹಣ ಆಯಿತು. ಸೆಪ್ಟೆಂಬರಿನಲ್ಲಿ ಬಡ್ಡಿಯೂ ಹೋಯಿತು. ಒಟ್ಟು 120 ಕೋಟಿ ದಾಟುವುದಿಲ್ಲ ಅಂತ ಮಾತು ಕೊಟ್ಟರು. ಕೊನೆಗೆ ಅಚ್ಚಾದದ್ದು ಸುಮಾರು 4500 ಕೋಟಿ.

ನನ್ನ ಕೈಲಿರುವಂಥ ಪುಡಿ ನೋಟು ಹುಟ್ಟಿದ್ದಕ್ಕೆ ಬೇರೆ ಕಾರಣ. ಜನ ಬೆಳ್ಳಿ, ತಾಮ್ರ ಎಲ್ಲ ಬಚ್ಚಿಟ್ಟರು. ಬ್ರೆಡ್ಡು ಕೊಳ್ಳಲು ಚಿಲ್ಲರೆ ಇಲ್ಲ. ಊರಿನ ಆಡಳಿತಗಳು, ಖಾಸಗಿಯವರು ತಾವೇ ಚೀಟಿ ಅಚ್ಚು ಹಾಕಿ ಹಂಚತೊಡಗಿದರು. ಆಗ ಸರ್ಕಾರವೇ 1792ರ ಜನವರಿ 4ರ ಕಾನೂನಿನಲ್ಲಿ 10, 15, 25, 50 ಸೂ ನೋಟು ತಂದಿತು. ಬಸ್ ಕಂಡಕ್ಟರ್ ಚಿಲ್ಲರೆ ಬದಲು ಟಿಕೆಟ್ ಹಿಂದೆ ಬರೆದುಕೊಡುತ್ತಿದ್ದರಲ್ಲ, ಆ ಕಷ್ಟವೇ ಇಡೀ ದೇಶಕ್ಕೆ ಬಂದಿತ್ತು ಅಂದುಕೊಳ್ಳಿ.

ಸರಿ, ಕೆಲಸಕ್ಕೆ ಬರೋಣ.

ಮೊದಲ ಶನಿವಾರ. ಯಾವುದನ್ನೂ ಬಿಚ್ಚಲಿಲ್ಲ, ಬರೀ ನೋಡಿದೆ. ಕೋಣೆ ಕತ್ತಲು ಮಾಡಿ ನೇರಳಾತೀತ ಟಾರ್ಚು ಬಿಟ್ಟೆ. ಇದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಈಗಿನ ಬಿಳಿ ಕಾಗದಕ್ಕೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ, ಟಾರ್ಚು ಬಿದ್ದ ಕೂಡಲೇ ನೀಲಿಯಾಗಿ ಉರಿಯುತ್ತದೆ. ಹಳೇ ಬಟ್ಟೆಯ ಚಿಂದಿ ಅರೆದು ಮಾಡಿದ ಕಾಗದ ಹಾಗೆ ಹೊಳೆಯುವುದಿಲ್ಲ. ಸೊಸೆ ಮಂಕಾಗಿಯೇ ಇದ್ದಳು. ಪಕ್ಕದಲ್ಲಿದ್ದ ನನ್ನ ಎಲೆಕ್ಟ್ರಿಕ್ ಬಿಲ್ಲು ದೀಪಾವಳಿ ಮಾಡಿತು.

ಆಮೇಲೆ ಕಿಟಕಿಯ ಗಾಜಿಗೆ ಹಿಡಿದು ನೋಡಿದೆ. ಕಾಗದದ ಒಳಗೆ ನೀರಚ್ಚಿನ ನೆರಳು ಅರ್ಧಂಬರ್ಧ ಕಾಣಿಸಿತು. ಟೇಪು ಇದ್ದ ಕಡೆ ಮಾತ್ರ ಏನೋ ದಪ್ಪಗಿದೆ. ಟೇಪಿಗಿಂತ ದಪ್ಪ. ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡೆ.

ಮೂರನೆಯದು ಅಡ್ಡ ಬೆಳಕು. ಟಾರ್ಚನ್ನು ಮೇಜಿಗೆ ತಾಗಿಸಿ, ಕಾಗದದ ಮೇಲೆ ಸಂಜೆಯ ಬಿಸಿಲು ಬಿದ್ದ ಹಾಗೆ ಬೆಳಕು ಹಾಯಿಸಬೇಕು. ನೇರ ನೋಡಿದಾಗ ಇಲ್ಲದ್ದು ಆಗ ಎದ್ದು ಬರುತ್ತದೆ: ಉಬ್ಬು ಮುದ್ರೆ. ಶಾಯಿ ಇಲ್ಲದೆ, ಬರೀ ಒತ್ತಿ ಮಾಡಿದ್ದು. ನಕಲಿ ತಡೆಯಲು ಹಾಕುತ್ತಿದ್ದರು. ಬೆರಳ ತುದಿಯಲ್ಲಿ ಸವರಿದರೆ ಚರ್ಮಕ್ಕೆ ಸಣ್ಣಗೆ ಗೊತ್ತಾಗುತ್ತದೆ. ಸೊಸೆಯ ಮುದ್ರೆ ಅರ್ಧ ಸವೆದಿತ್ತು, ಆದರೂ ಇತ್ತು.

ಅಚ್ಚಾದ ಸಾಲುಗಳನ್ನೂ ಓದಿದೆ. ಒಂದು ಬದಿ: ನಕಲಿ ಮಾಡಿದವನಿಗೆ ಕಾನೂನು ಮರಣದಂಡನೆ ಕೊಡುತ್ತದೆ. ಇನ್ನೊಂದು ಬದಿ: ಹಿಡಿದುಕೊಟ್ಟವನಿಗೆ ರಾಷ್ಟ್ರ ಬಹುಮಾನ ಕೊಡುತ್ತದೆ. ಎರಡೂವರೆ ಲಿವ್ರ್ ನೋಟಿಗೆ ಇಷ್ಟು ಗದರಿಕೆ. ಆದರೂ ನಕಲಿ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲೂ ಅಸಿನ್ಯಾ ತಯಾರಾಗುತ್ತಿತ್ತು. ನಕಲಿ ಅಸಿನ್ಯಾದ ಅಚ್ಚು ಕೊರೆದುಕೊಟ್ಟ ಲಂಡನ್ನಿನ ಕುಶಲಕರ್ಮಿಯೊಬ್ಬ 1795ರಲ್ಲಿ ತನಗೆ ಬರಬೇಕಾದ ಕೂಲಿ ಬರಲಿಲ್ಲ ಅಂತ ಕೋರ್ಟಿಗೇ ಹೋದ!

ನೋಟಿನ ಮೇಲಿನ ತಾರೀಖಿನ ಬಗ್ಗೆ ಒಂದು ಮಾತು, ಯಾಕೆಂದರೆ ಹೊಸಬರು ಇಲ್ಲೇ ಎಡವುತ್ತಾರೆ. ನನ್ನದರಲ್ಲಿ 1793ರ ಮೇ 23ರ ಕಾನೂನು, ಗಣರಾಜ್ಯದ 2ನೇ ವರ್ಷ ಅಂತಿದೆ. ಫ್ರೆಂಚ್ ಕ್ರಾಂತಿಯ ಪಂಚಾಂಗ ಗೊತ್ತಿರುವವರು ಇದನ್ನು ನೋಡಿ ಇದು ತಪ್ಪು, ನೋಟು ಖೋಟಾ ಅನ್ನುತ್ತಾರೆ. ಆ ಪಂಚಾಂಗದಲ್ಲಿ 1ನೇ ವರ್ಷ 1792ರ ಸೆಪ್ಟೆಂಬರ್ 22ಕ್ಕೆ ಶುರು, ಹಾಗಾಗಿ 1793ರ ಮೇ ಇನ್ನೂ 1ನೇ ವರ್ಷ. ಆದರೆ ಪಂಚಾಂಗ ಬಂದದ್ದೇ 1793ರ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆ 1793ರ ಜನವರಿ 1ಕ್ಕೇ 2ನೇ ವರ್ಷ ಶುರುವಾಯಿತು ಅಂತ ಎಣಿಸುತ್ತಿದ್ದರು. ನೋಟು ಸರಿಯಾಗೇ ಇದೆ, ಲೆಕ್ಕ ಆಮೇಲೆ ಬದಲಾಯಿತು. ಇದೇ 50 ಸೂ ನೋಟಿನ 1792ರ ಜನವರಿಯದ್ದರಲ್ಲಿ ಸ್ವಾತಂತ್ರ್ಯದ 4ನೇ ವರ್ಷ ಅಂತ ಇರುತ್ತದೆ. ಆಗ ಇನ್ನೂ ರಾಜ ಇದ್ದ, ಗಣರಾಜ್ಯ ಇರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ನಡುವೆ ಒಬ್ಬ ರಾಜನ ತಲೆ ಹೋಗಿದೆ. ಮತ್ತೆ, ಅದು ಕಾನೂನಿನ ತಾರೀಖು, ಅಚ್ಚಾದ ದಿನ ಅಲ್ಲ.

ವರ್ಷದ ಲೆಕ್ಕ ಬದಲಿಸುವ ಈ ಚಟ ನನಗೆ ಹೊಸದಲ್ಲ. ನನ್ನ ಸಂಗ್ರಹ ಶುರುವಾದದ್ದೇ ಟಿಪ್ಪುವಿನ ಆನೆ ಇರುವ ಒಂದು ತಾಮ್ರದ ಪೈಸೆಯಿಂದ. ಅವನೂ ಅದೇ ದಶಕಗಳಲ್ಲಿ ಮೌಲೂದಿ ಶಕೆ ಅಂತ ಹೊಸ ಎಣಿಕೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಪ್ಯಾರಿಸ್ಸಿನಲ್ಲೊಂದು, ಶ್ರೀರಂಗಪಟ್ಟಣದಲ್ಲೊಂದು. ಸಂಗ್ರಹ ಮಾಡುವವರಿಗೆ ತಲೆನೋವು ಮಾತ್ರ ಒಂದೇ.

ಎರಡನೇ ಶನಿವಾರ. ನನ್ನ ಮೊದಲ ಯೋಚನೆ ನೋಟನ್ನು ತೊಳೆಯುವುದು. ಚಿಂದಿ ಕಾಗದ ಗಟ್ಟಿ, ನೀರಿಗೆ ಹೆದರುವುದಿಲ್ಲ. ಅಚ್ಚಿನ ಮಸಿ ಎಣ್ಣೆಯದು, ಕದಲುವುದಿಲ್ಲ. 1790-91ರ ದೊಡ್ಡ ನೋಟುಗಳಾದರೆ ಕೈಯಲ್ಲಿ ಸಹಿ ಮಾಡಿ ನಂಬರು ಬರೆದಿರುತ್ತಾರೆ. ಆ ಶಾಯಿಗೆ ನೀರು ತಾಗಿಸಲೇಬಾರದು. ಸೊಸೆಯಲ್ಲಿ ಎಲ್ಲ ಅಚ್ಚೇ. ಹಾಗಾದರೆ ಧೈರ್ಯವಾಗಿ ತೊಳೆಯಬಹುದಲ್ವಾ?

ಹೆಂಡತಿ ಬಾಗಿಲಲ್ಲಿ ನಿಂತು, "ಸೊಸೆಗೆ ಎಣ್ಣೆನೀರಾ?" ಅಂದಳು. ಏನೋ ಅನುಮಾನ ಬಂತು. ಮೊದಲು ಬಿಟ್ಟಿ ಸಿಕ್ಕ 10 ಸೂ ನೋಟನ್ನು ತಟ್ಟೆಗೆ ಇಳಿಸಿದೆ.

ಅರ್ಧ ಗಂಟೆಯಲ್ಲಿ ನೀರು ತಿಳಿ ಚಹಾದ ಬಣ್ಣಕ್ಕೆ ಬಂತು. ಕಾಗದ ಬೆಳ್ಳಗಾಯಿತು. ಖುಷಿಯೋ ಖುಷಿ. ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ಡಿಕ್ಷನರಿ ಹೇರಿ, ರಾತ್ರಿ ಬಿಟ್ಟೆ. ಬೆಳಿಗ್ಗೆ ತೆಗೆದರೆ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ. ಅಡ್ಡ ಬೆಳಕು ಬಿಟ್ಟೆ. ಉಬ್ಬು ಮುದ್ರೆ ಎಲ್ಲಿ? ತಿರುಗಿಸಿ ನೋಡಿದೆ, ಕೋನ ಬದಲಿಸಿ ನೋಡಿದೆ, ಬೆರಳಲ್ಲಿ ಸವರಿದೆ. ಏನೂ ಇಲ್ಲ. ಒದ್ದೆಯಾದಾಗ ನಾರುಗಳು ಸಡಿಲವಾಗಿ, ಭಾರಕ್ಕೆ ಸಮ ಆಗಿಬಿಟ್ಟಿದ್ದವು. ಅಷ್ಟೇ ಅಲ್ಲ, ಅಚ್ಚಿನ ಮೊಳೆ ಒತ್ತಿದ ಸಣ್ಣ ತಗ್ಗುಗಳು ಕೂಡ ಹೋಗಿದ್ದವು. ಮುಂಚೆ ನೋಟು ಅಚ್ಚು ಒತ್ತಿಸಿಕೊಂಡ ಕಾಗದ. ಈಗ ಅದೇ ನೋಟಿನ ಫೋಟೋಕಾಪಿ ತರ ಕಾಣುತ್ತಿತ್ತು.

ಮಾರುಕಟ್ಟೆಯಲ್ಲಿ ತುಂಬಾ ಬೆಳ್ಳಗೆ, ತುಂಬಾ ಚಪ್ಪಟೆ ಇರುವ ಅಸಿನ್ಯಾ ಕಂಡರೆ ನನಗೆ ಈಗ ಆಸೆ ಆಗುವುದಿಲ್ಲ. ಯಾರೋ ನನ್ನ ಹಾಗೇ ಖುಷಿಪಟ್ಟಿದ್ದಾರೆ ಅಂತ ಗೊತ್ತಾಗುತ್ತದೆ.

ಸೊಸೆಗೆ ನೀರು ಬೇಡ ಅಂತ ತೀರ್ಮಾನ ಆಯಿತು. ಒಣ ಕ್ಲೀನಿಂಗ್ ಮಾತ್ರ. ಬಿಳಿ ರಬ್ಬರನ್ನು ಕಾಯಿತುರಿಯ ಹಾಗೆ ಸಣ್ಣಗೆ ತುರಿದು, ಆ ಪುಡಿಯನ್ನು ಕಾಗದದ ಹಿಂಬದಿ ಉದುರಿಸಿ, ಬೆರಳಲ್ಲಿ ಹಗುರವಾಗಿ ಸುತ್ತಿಸಿದೆ. ಪುಡಿ ಕಪ್ಪಾಯಿತು. ಮೆತ್ತನೆ ಬ್ರಷ್ಷಲ್ಲಿ ಗುಡಿಸಿದೆ. ಮತ್ತೊಂದು ಸಲ. ಉಬ್ಬು ಮುದ್ರೆಯ ಹಿಂಭಾಗ ಮತ್ತು ಹರಿದ ಅಂಚು ಎರಡನ್ನೂ ಮುಟ್ಟಲಿಲ್ಲ. ಹರಿದ ಕಡೆ ಕೊಳೆ ಉಜ್ಜಿದರೆ ಒಳಗೇ ಸೇರಿಕೊಂಡು ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಮುಂಬದಿಗೆ ಬ್ರಷ್ ಮಾತ್ರ.

ಮೂರನೇ ಶನಿವಾರ, ಟೇಪು. ಇದೇ ನಿಜವಾದ ಶತ್ರು. ಎರಡು ಶತಮಾನದ ಜೇಬು, ಪೆಟ್ಟಿಗೆ, ಅಟ್ಟ ಎಲ್ಲ ಸೇರಿ ಮಾಡದ ಹಾನಿಯನ್ನು ಈ ಒಂದು ತುಂಡು ಮಾಡಿತ್ತು. ಹರಿದ ಕಾಗದವನ್ನು ನೂರು ವರ್ಷ ಬಿಟ್ಟು ಸರಿಮಾಡಬಹುದು. ಅಂಟು ನಾರಿನೊಳಗೆ ಇಳಿದು ಕೆಂಪಾದ ಮೇಲೆ ಅಲ್ಲಿ ಕಾಗದವೇ ಬೇರೆ ಆಗಿಬಿಟ್ಟಿರುತ್ತದೆ.

ಟೇಪಿನ ಮೇಲಿನ ಹಾಳೆ ಒಣಗಿ ಗರಿಗರಿಯಾಗಿತ್ತು. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ಒಂದು ಗೇಣು ದೂರದಿಂದ ಹತ್ತು ಸೆಕೆಂಡು ಬೀಸಿದೆ. ಬಿದಿರಿನ ತೆಳು ಚಕ್ಕೆಯನ್ನು ಮೂಲೆಯಡಿ ತೂರಿಸಿದೆ. ಹಾಳೆಯನ್ನು ಮೇಲಕ್ಕೆ ಎಳೆಯಬಾರದು. ಬೆನ್ನಿನ ಮೇಲೆ ಮಡಚಿದ ಹಾಗೆ, ಕಾಗದಕ್ಕೆ ಸಮಾಂತರವಾಗಿ ಹಿಂದಕ್ಕೆ ಎಳೆಯಬೇಕು. ಹಲಸಿನ ತೊಳೆಯಿಂದ ಪೊರೆ ಬಿಡಿಸುವ ಕೈ ಇದ್ದವರಿಗೆ ಇದು ಬರುತ್ತದೆ. ಬೆರಳಿನಷ್ಟು ಉದ್ದದ ಟೇಪಿಗೆ ನಲವತ್ತು ನಿಮಿಷ ಹಿಡಿಯಿತು.

ಉಳಿದದ್ದು ಅಂಟು. ಕ್ರೇಪ್ ರಬ್ಬರ್ ಅಂತ ಸಿಗುತ್ತದೆ, ಚಪ್ಪಲಿ ಅಟ್ಟೆಯ ತುಂಡಿನ ತರ. ಅದರಲ್ಲಿ ಒಂದೇ ದಿಕ್ಕಿಗೆ ಮೆಲ್ಲಗೆ ಉರುಟಿದರೆ ಅಂಟು ಮೂಗಿನ ಗೊಣ್ಣೆಯ ಹಾಗೆ ಸುತ್ತಿಕೊಂಡು ಬರುತ್ತದೆ. ಅರ್ಧಕ್ಕರ್ಧ ಹೋಯಿತು.

ಮಿಕ್ಕಿದ್ದಕ್ಕೆ ಅಸಿಟೋನ್. ಕಿಟಕಿ ತೆರೆದು, ಒಲೆ ಆರಿಸಿ, ಕೈಗವಸು ಹಾಕಿ ಕೂತೆ. ಮೊದಲು ಹಾಳಾದ 10 ಸೂ ನೋಟಿನ ಮಸಿಯ ಮೇಲೆ ಒಂದು ಹನಿ ಪರೀಕ್ಷೆ. ಮಸಿ ಬಿಡಲಿಲ್ಲ. ಸೊಸೆಯ ಮುಂಬದಿಯನ್ನು ಬ್ಲಾಟಿಂಗ್ ಪೇಪರ್ ಮೇಲೆ ಕವುಚಿ, ಹತ್ತಿ ಸುತ್ತಿದ ಕಡ್ಡಿಯಲ್ಲಿ ಹಿಂದಿನಿಂದ ಒತ್ತಿದೆ. ಉಜ್ಜಬಾರದು, ಒತ್ತಬೇಕು. ಕರಗಿದ ಅಂಟು ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಪ್ರತಿ ಸಲ ಬ್ಲಾಟಿಂಗ್ ಪೇಪರನ್ನು ಹೊಸ ಜಾಗಕ್ಕೆ ಸರಿಸಬೇಕು.

ನಾಲ್ಕನೇ ಸಲ ನಾನು ಸೋಮಾರಿತನ ಮಾಡಿದೆ, ಸರಿಸಲಿಲ್ಲ. ಹತ್ತಿಯೂ ಜಾಸ್ತಿ ಒದ್ದೆ ಇತ್ತು. ಒಣಗಿದಾಗ ಸಾಂಬಾರು ಚೆಲ್ಲಿದ ಬಟ್ಟೆಯಲ್ಲಿ ಅಂಚು ಮೂಡುವ ಹಾಗೆ ಒಂದು ಕಂದು ಉಂಗುರ ಮೂಡಿತು. ಅದನ್ನು ತೆಗೆಯಲು ಹೊರಗಿನಿಂದ ಒಳಕ್ಕೆ ಬರುತ್ತಾ ಮತ್ತೆ ಎಂಟು ಹತ್ತು ಸಲ ಒತ್ತಬೇಕಾಯಿತು. ಮುಕ್ಕಾಲು ಹೋಯಿತು. ಕಾಲು ಭಾಗ ಅಲ್ಲೇ ಇದೆ, ನನ್ನ ಸಹಿ ಅಂತ ಇಟ್ಟುಕೊಳ್ಳಿ. ಬ್ಲೀಚ್ ಹಾಕಿದರೆ ಪೂರ್ತಿ ಹೋಗುತ್ತಿತ್ತು. ಕಾಗದದ ಆಯಸ್ಸೂ ಜೊತೆಗೇ ಹೋಗುತ್ತಿತ್ತು, ಹಾಗಾಗಿ ಬಾಟಲಿಯನ್ನು ಬಚ್ಚಲಿಂದ ಹೊರಗೇ ತರಲಿಲ್ಲ.

ಅಂಟು ಹೋದ ಮೇಲೆ ಪ್ರಶ್ನೆ ಚಿಹ್ನೆಗೆ ಉತ್ತರ ಸಿಕ್ಕಿತು. ಟೇಪಿನ ಕೆಳಗೆ, ಹರಿದ ಭಾಗದ ಒಳತುದಿಯಲ್ಲಿ, ಇನ್ನೊಂದು ತೇಪೆ ಇತ್ತು. ಕಾಗದದ್ದು. ಉಗುರಿನಷ್ಟು ಅಗಲ, ಒಂದು ಕಡೆ ಕತ್ತರಿಸಿದ್ದು, ಇನ್ನೊಂದು ಕಡೆ ಕೈಯಲ್ಲಿ ಹರಿದದ್ದು. ಅದರ ಮೇಲೆ ಅಚ್ಚಾದ ಮೂರು ಅಕ್ಷರ, ಸಾಲಿನ ನಡುವಿನ ತುಂಡು. ಬೆಳಕಿಗೆ ಹಿಡಿದರೆ ಕೈಯಿಂದ ಮಾಡಿದ ಕಾಗದದಲ್ಲಿ ಕಾಣುವ ಜಾಲರಿಯ ಗೆರೆಗಳು. ನೇರಳಾತೀತ ಟಾರ್ಚಿಗೆ ಅದೂ ಮಂಕೇ.

ನೋಟು ಹರಿಯಲು ಶುರುವಾದಾಗ ಯಾರೋ ಕೈಗೆ ಸಿಕ್ಕ ಹಾಳೆಯಿಂದ ಚೂರು ಹರಿದು, ಹಿಟ್ಟಿನ ಅಂಟು ಹಚ್ಚಿ ಒತ್ತಿದ್ದಾರೆ. ಚಲಾವಣೆಯಲ್ಲಿ ನಲುಗಿದ ಅಸಿನ್ಯಾಗಳ ಬೆನ್ನಿಗೆ ಇಂಥ ತೇಪೆ ಇರುವುದು ಅಪರೂಪವಲ್ಲ. ಹಿಂಬದಿ ಖಾಲಿ ತಾನೇ, ಅಚ್ಚು ಮುಂದೆ ಮಾತ್ರ. ಖರ್ಚು ಮಾಡಲೇಬೇಕಾದ ನೋಟು, ಹರಿದರೆ ಅಂಗಡಿಯವನು ತಗೊಳ್ಳಲ್ಲ. ಆ ಅಂಟು ಇನ್ನೂ ಗಟ್ಟಿಯಾಗಿ ಹಿಡಿದಿತ್ತು. ಕಲೆ ಇಲ್ಲ, ಕಾಗದ ಸುಕ್ಕಾಗಿಲ್ಲ. ಆಮೇಲೆ ಹರುಕು ಇನ್ನಷ್ಟು ಮುಂದುವರಿದಾಗ ಬಂದವರು ಅದರ ಮೇಲೇ ಟೇಪು ಎಳೆದಿದ್ದರು.

ತೆಗೆಯಬೇಕಾ, ಬೇಡವಾ? ಇಡೀ ಸಂಜೆ ಯೋಚಿಸಿದೆ. ತೆಗೆದರೆ ನನ್ನ ಹೊಸ ತೇಪೆ ಒಂದೇ ಉದ್ದಕ್ಕೆ ಚೆನ್ನಾಗಿ ಕೂರುತ್ತದೆ. ಹಿಂಬದಿ ಸ್ವಚ್ಛ ಕಾಣುತ್ತದೆ. ಆದರೆ ಆ ನೋಟನ್ನು ಹಣ ಅಂತ ಬಳಸಿದವರ ಗುರುತು ಅದೊಂದೇ. ಮುಂಬದಿಯ ಅಚ್ಚು ಸರ್ಕಾರದ್ದು, ಸಾವಿರಾರು ಪ್ರತಿಗಳಲ್ಲೂ ಅದೇ. ಈ ಚೂರು ಈ ನೋಟಿಗೆ ಮಾತ್ರ. ಬಿಟ್ಟುಬಿಟ್ಟೆ. ನನ್ನ ತೇಪೆ ಅದರ ಅಂಚಿನವರೆಗೆ ಬಂದು ನಿಲ್ಲಬೇಕು, ಮೇಲೆ ಹತ್ತಬಾರದು ಅಂತ ಬರೆದುಕೊಂಡೆ.

ನಡುವಾರ, ಅಂಟು. ಊರಲ್ಲಾಗಿದ್ದರೆ ಪುಸ್ತಕ ಬೈಂಡಿಂಗ್ ಮಾಡುವವರ ಮೈದಾ ಅಂಟು ನೆನಪಾಗುತ್ತಿತ್ತು. ಹುಳ ಹಿಡಿಯದಿರಲಿ ಅಂತ ಅದಕ್ಕೆ ಮೈಲುತುತ್ತ ಹಾಕುತ್ತಾರೆ. ಹಳೇ ಕಾಗದಕ್ಕೆ ಅದು ಬೇಡವೇ ಬೇಡ, ತಾಮ್ರದ ಅಂಶ ಕಾಗದವನ್ನು ಕ್ರಮೇಣ ತಿನ್ನುತ್ತದೆ. ಮೈದಾದಲ್ಲಿ ಜಿಗುಟು ಪ್ರೋಟೀನೂ ಇರುತ್ತದೆ, ಒಣಗಿದ ಮೇಲೆ ಗಡುಸಾಗುತ್ತದೆ. ಕಾಗದ ರಿಪೇರಿಯವರು ಬಳಸುವುದು ಬರೀ ಗೋಧಿಯ ಪಿಷ್ಟ. ಪುಡಿ ರೂಪದಲ್ಲಿ ಕೊಳ್ಳಬಹುದು, ಬೆಲೆ ಮಾತ್ರ ನನ್ನ ನೋಟಿನ ಆರು ಪಟ್ಟು.

ಬರೀ ಪಿಷ್ಟ ಅಂದರೆ ಏನು? ಗೋಧಿ ಹಾಲು! ಹಲ್ವಕ್ಕೆ ತೆಗೆಯುತ್ತೇವಲ್ಲ, ಅದೇ. ಅಮ್ಮನಿಗೆ ಫೋನು ಮಾಡಿ ಅಳತೆ ಕೇಳಿದೆ. "ಎಷ್ಟು ಜನಕ್ಕೆ?" ಅಂದಳು. ಒಬ್ಬಳು ಸೊಸೆಗೆ ಅಂದೆ, ಅವಳಿಗೆ ಅರ್ಥ ಆಗಲಿಲ್ಲ, ವಿವರಿಸಲು ಹೋಗಿ ಹತ್ತು ನಿಮಿಷ ಹೋಯಿತು.

ಒಂದು ಹಿಡಿ ಗೋಧಿ ಎರಡು ದಿನ ನೆನೆಹಾಕಿ, ದಿನಕ್ಕೆರಡು ಸಲ ನೀರು ಬದಲಿಸಿದೆ. ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ, ಹಾಲನ್ನು ಲೋಟದಲ್ಲಿ ತಿಳಿಯಾಗಲು ಬಿಟ್ಟೆ. ಮೇಲಿನ ಹಳದಿ ನೀರು ಚೆಲ್ಲಿ ಹೊಸ ನೀರು ಹಾಕಿ ಕಲಕಿದೆ. ಹಲ್ವಕ್ಕೆ ಇದನ್ನು ಒಂದೆರಡು ಸಲ ಮಾಡಿದರೆ ಸಾಕು, ನಾನು ಐದು ಸಲ ಮಾಡಿದೆ. ತಳದಲ್ಲಿ ಸುಣ್ಣದ ಹಾಗೆ ಬೆಳ್ಳಗೆ ಕೂತದ್ದೇ ಬೇಕಾದದ್ದು. ಅದರ ಒಂದು ಚಮಚಕ್ಕೆ ಐದು ಚಮಚ ಭಟ್ಟಿ ಇಳಿಸಿದ ಶುದ್ಧ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದೆ. ಹತ್ತು ನಿಮಿಷಕ್ಕೆ ಗಟ್ಟಿಯಾಗಿ ಗಂಜಿಯಾಯಿತು, ಇಪ್ಪತ್ತೈದಕ್ಕೆ ಬಿಳಿ ಹೋಗಿ ಸಾಬೂದಾನಿಯ ಹಾಗೆ ಅರೆಪಾರದರ್ಶಕ. ಆರಿದ ಮೇಲೆ ಚಹಾ ಸೋಸುವ ಜಾಲರಿಯಲ್ಲಿ ಮೂರು ಸಲ ಒತ್ತಿ ತೆಗೆದೆ. ಗಂಟು ಒಂದೂ ಇರಬಾರದು. ಬೇಕಾದಷ್ಟನ್ನು ಮಾತ್ರ ನೀರಲ್ಲಿ ತೆಳು ಮಾಡಿಕೊಂಡೆ, ಮಜ್ಜಿಗೆಗಿಂತ ಸ್ವಲ್ಪ ಗಟ್ಟಿ. ಇದಕ್ಕೆ ಕೆಡದಂತೆ ಏನೂ ಹಾಕಿಲ್ಲ, ನಾಲ್ಕು ದಿನ ದಾಟಿದರೆ ಹುಳಿ ವಾಸನೆ ಬರುತ್ತದೆ, ಎಸೆಯಬೇಕು.

ಈ ಅಂಟಿನ ದೊಡ್ಡ ಗುಣ ಅದು ಬಿಡುತ್ತದೆ ಅನ್ನುವುದು. ಐವತ್ತು ವರ್ಷದ ಮೇಲೆ ಯಾರಿಗಾದರೂ ನನ್ನ ಕೆಲಸ ಇಷ್ಟ ಆಗದಿದ್ದರೆ, ಒದ್ದೆ ಹತ್ತಿ ಒತ್ತಿದರೆ ತೇಪೆ ಎದ್ದು ಬರುತ್ತದೆ. ಟೇಪು ಅಂಟಿಸಿದವರು ನನಗೆ ಆ ಅವಕಾಶ ಕೊಟ್ಟಿರಲಿಲ್ಲ.

ನಾಲ್ಕನೇ ಶನಿವಾರ, ತೇಪೆ. ಜಪಾನೀಸ್ ಟಿಶ್ಯೂ ಅನ್ನುವ ಕಾಗದ ಬೇಕು. ಕೋಜೊ ಗಿಡದ ತೊಗಟೆಯ ಉದ್ದ ನಾರಿನದು. ಎಷ್ಟು ತೆಳು ಅಂದರೆ ಕೆಳಗಿಟ್ಟ ಪತ್ರಿಕೆ ಓದಬಹುದು. ಇದನ್ನು ಕತ್ತರಿಸಬಾರದು. ಬ್ರಷ್ಷಲ್ಲಿ ನೀರಿನ ಗೆರೆ ಎಳೆದು, ಆ ಗೆರೆಯುದ್ದಕ್ಕೂ ಮೆಲ್ಲಗೆ ಎಳೆದರೆ ಅಂಚಿನಲ್ಲಿ ನಾರು ರೋಮದ ಹಾಗೆ ನಿಲ್ಲುತ್ತದೆ. ಆ ರೋಮಗಳೇ ಹಿಡಿತ ಕೊಡುವುದು. ಕತ್ತರಿಸಿದ ನೇರ ಅಂಚು ಇದ್ದರೆ ಮುಂದೆ ನೋಟು ಅಲ್ಲೇ ಮಡಚಿ ಮತ್ತೆ ಹರಿಯುತ್ತದೆ.

ಹರಿದ ಎರಡು ಅಂಚುಗಳನ್ನು ಜೋಡಿಸುವಾಗ ಒಂದು ಸೂಕ್ಷ್ಮ ಇದೆ. ಕೈಯಲ್ಲಿ ಹರಿದ ಕಾಗದಕ್ಕೆ ಮೇಲುತುಟಿ, ಕೆಳತುಟಿ ಇರುತ್ತದೆ. ಯಾವುದು ಯಾವುದರ ಮೇಲೆ ಕೂರಬೇಕು ಅನ್ನುವುದು ಜಾಗ ಜಾಗಕ್ಕೆ ಬದಲಾಗುತ್ತದೆ. ತಪ್ಪಾಗಿ ಕೂರಿಸಿದರೆ ಅಚ್ಚಿನ ಗೆರೆ ಕೂದಲೆಳೆಯಷ್ಟು ಪಕ್ಕಕ್ಕೆ ಹೋಗಿ ಬಿಳಿ ನಾರು ಮುಂದೆ ಕಾಣುತ್ತದೆ. ಭೂತಗನ್ನಡಿ ಹಿಡಿದು, ಸಹಿಯಲ್ಲಿನ ಒಂದು ಅಕ್ಷರದ ಎರಡು ಹೋಳು ಸೇರುವ ತನಕ ಚಿಮಟದಲ್ಲಿ ಸರಿಸಿದೆ. ಕವುಚಿದೆ. ತೆಳ್ಳಗೆ ಅಂಟು ಹಚ್ಚಿದ ಪಟ್ಟಿಯನ್ನು ಇಳಿಸಿದೆ. ಹಳೇ ತೇಪೆಯ ಅಂಚಿಗೆ ತಾಗಿ ನಿಂತಿತು, ಮೇಲೆ ಹತ್ತಲಿಲ್ಲ. ಮೇಲೆ ಬೇಕಿಂಗ್ ಪೇಪರ್, ಅದರ ಮೇಲೆ ಬ್ಲಾಟಿಂಗ್, ಅದರ ಮೇಲೆ ತೂಕ. ಊರಿನಿಂದ ತಂದ ಹಿತ್ತಾಳೆಯ ಪುಟ್ಟ ತೂಕದ ಬಟ್ಟು ಇತ್ತು, ಅದನ್ನೇ ಇಟ್ಟೆ. ಭಾರ ತೇಪೆಯ ಮೇಲೆ ಮಾತ್ರ, ಉಬ್ಬು ಮುದ್ರೆಯ ಕಡೆ ಸುತರಾಂ ಇಲ್ಲ. 10 ಸೂ ಕಲಿಸಿದ ಪಾಠ.

ಅರ್ಧ ಗಂಟೆಗೆ ತೆಗೆದರೆ ಕಾಗದ ತೇಪೆಯ ಕಡೆಗೆ ದೋಣಿಯ ಹಾಗೆ ಬಾಗಿತ್ತು. ಅಂಟು ಜಾಸ್ತಿ ಆಗಿದೆ ಅಂತ ಅರ್ಥ. ಒಣಗುತ್ತಾ ಎಳೆದುಕೊಂಡಿದೆ. ಒದ್ದೆ ಬ್ರಷ್ಷಲ್ಲಿ ಸವರಿ, ತೇಪೆ ಎಬ್ಬಿಸಿ, ಇನ್ನೂ ತೆಳು ಅಂಟಿನಲ್ಲಿ ಹೊಸದು ಹಾಕಿದೆ. ಬಿಡುತ್ತದೆ ಅಂತ ಹೊಗಳಿದ್ದು ಮೊದಲು ನನಗೇ ಉಪಯೋಗಕ್ಕೆ ಬಂತು. ಎರಡನೇ ಸಲ ಬ್ಲಾಟಿಂಗ್ ಪೇಪರನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸಿದೆ, ರಾತ್ರಿಯಿಡೀ ತೂಕ ಬಿಟ್ಟೆ. ಸಮವಾಗಿ ಬಂತು. ಮುಂದಿನಿಂದ ನೋಡಿದರೆ ಹರಿದ ಗೆರೆ ಗೊತ್ತಾಗುತ್ತದೆ, ಗೊತ್ತಾಗಲಿ. ಕಂದು ಪಟ್ಟೆ ಈಗ ತಿಳಿ ಜೇನಿನ ಬಣ್ಣ. ಬಣ್ಣದ ಪೆನ್ಸಿಲ್ ತಗೊಂಡು ಅಚ್ಚಿನ ಗೆರೆ ಸೇರಿಸುವವರಿದ್ದಾರೆ, ನನಗೆ ಅದು ಮೋಸ ಅನ್ನಿಸುತ್ತದೆ. ಈ ನೋಟಿನ ಮೇಲೆ ಅದಕ್ಕೇನು ಶಿಕ್ಷೆ ಅಂತ ಬರೆದೂ ಇದೆ.

ಇಡುವ ವ್ಯವಸ್ಥೆ ಬೇಗ ಮುಗಿಯಿತು. ಪಾಲಿಯೆಸ್ಟರ್ ಹಾಳೆಯ ಲಕೋಟೆ, ಎರಡು ಕಡೆ ತೆರೆದದ್ದು. ಪಿವಿಸಿ ಆಲ್ಬಮ್ ಬೇಡ, ಕೆಲವು ವರ್ಷಕ್ಕೆ ಬೆವತು ಮಸಿಯನ್ನೇ ಎತ್ತುತ್ತದೆ. ಲ್ಯಾಮಿನೇಶನ್ ಬಗ್ಗೆ ಮಾತೇ ಬೇಡ. ಒಮ್ಮೆ ಒಬ್ಬ ಮಾರಾಟಗಾರ "ಭದ್ರವಾಗಿರಲಿ" ಅಂತ ಲ್ಯಾಮಿನೇಟ್ ಮಾಡಿದ 5 ಲಿವ್ರ್ ನೋಟನ್ನು ಅಂಚೆಯಲ್ಲಿ ಕಳಿಸಿದ್ದ. ಅದು ಈಗ ನಮ್ಮ ಮನೆಯಲ್ಲಿ ಬುಕ್‌ಮಾರ್ಕ್.

ಹರುಕು ಅಸಿನ್ಯಾ ಕೊಂಡು ಇದನ್ನು ಕಲಿಯಬೇಕು ಅನ್ನುವವರಿಗೆ: ಸೂ ನೋಟುಗಳಿಂದ ಶುರುಮಾಡಿ. ಕೈಸಹಿ ಇರುವ ದೊಡ್ಡ ನೋಟನ್ನು, ರಾಜನ ಮುಖ ಇರುವುದನ್ನು ಕಲಿಯುವ ಕೈಗೆ ಕೊಡಬೇಡಿ. ರಾಜನ ಮುಖದವಕ್ಕೆ ಆಗಲೇ ಗಿರಾಕಿ ಜಾಸ್ತಿ ಇತ್ತು. ರಾಜ ಮರಳಿ ಬಂದರೆ ಇವಾದರೂ ನಡೆದಾವು ಅಂತ ಜನ ಕೂಡಿಟ್ಟರು, ಅದಕ್ಕೇ 1793ರ ಜುಲೈ ಕೊನೆಯಲ್ಲಿ ಅಂಥ 100 ಲಿವ್ರ್‌ಗಿಂತ ದೊಡ್ಡ ನೋಟುಗಳ ಚಲಾವಣೆ ನಿಲ್ಲಿಸಿದರು. ಡಬ್ಬಿಯಲ್ಲಿ ಹುಡುಕುವಾಗ ಜೇಬಲ್ಲಿ ಸಣ್ಣ ಟಾರ್ಚು ಇರಲಿ. ಮುಂಬದಿ ನೋಡುವುದಕ್ಕಿಂತ ಹಿಂಬದಿ ತಿರುಗಿಸಿ ನೋಡಿ.

ಐದನೇ ಶನಿವಾರ ಮಾರಿನ್ಯಿಗೆ ಹೋಗುವ ದಾರಿಯಲ್ಲಿ ಸುತ್ತು ಹಾಕಿ ಪ್ಲಾಸ್ ವಾಂಡೋಮ್‌ಗೆ ಹೋದೆ. ಈಗ ಅಲ್ಲಿ ವಜ್ರದ ಅಂಗಡಿಗಳು, ಬಾಗಿಲಲ್ಲಿ ಸೂಟು ತೊಟ್ಟ ಕಾವಲುಗಾರರು. 1796ರ ಫೆಬ್ರವರಿ 19ರಂದು ಅಸಿನ್ಯಾ ಅಚ್ಚು ಹಾಕುವ ಸಾಮಗ್ರಿಯನ್ನೆಲ್ಲ ಈ ಚೌಕದಲ್ಲಿ ಜನರ ಎದುರು ಸುಟ್ಟರು. ಆ ಹೊತ್ತಿಗೆ 100 ಲಿವ್ರ್ ನೋಟು ಕೊಟ್ಟರೆ ಒಂದು ಲಿವ್ರ್‌ನ ಬೆಳ್ಳಿಯೂ ಬರುತ್ತಿರಲಿಲ್ಲ. ಮುಂದಿನ ತಿಂಗಳು ಬೇರೆ ಹೆಸರಿನ ಹೊಸ ಕಾಗದ ತಂದರು, ಅದು ಒಂದು ವರ್ಷವೂ ಬಾಳಲಿಲ್ಲ.

ಲಕೋಟೆಯಲ್ಲಿ ಸೊಸೆಯನ್ನೂ ತಂದಿದ್ದೆ. ಚೌಕದ ಬಿಸಿಲಿಗೆ ಹಿಡಿದು ನೋಡಿದೆ. ಹಳೇ ತೇಪೆಯ ಮೂರು ಅಕ್ಷರ ಹಿಂದಿನಿಂದ ತಿರುಗುಮುರುಗಾಗಿ ಕಾಣಿಸಿದವು. ಕಾವಲುಗಾರನೊಬ್ಬ ನನ್ನ ಕಡೆಗೇ ನೋಡುತ್ತಿದ್ದ. ಒಳಗಿಟ್ಟುಕೊಂಡು ಮಾರುಕಟ್ಟೆಗೆ ನಡೆದೆ. ಶೂ ಡಬ್ಬಿ ಅಲ್ಲೇ ಇತ್ತು. ಟೇಪು ಹಾಕಿದ ಒಂದು 15 ಸೂ ಸಿಕ್ಕಿದೆ, 3 ಯೂರೋ.